ಛತ್ರದ ಕೋಣೆಯೂ ಗಣಕಯಂತ್ರದ ಸಂಖ್ಯೆಯೂ

ನಂಜನಗೂಡಿನ ದೊಡ್ಡ ಜಾತ್ರೆಗೆ ಬಂದವರಿಗೆ ದೇವರ ದರ್ಶನಕ್ಕೂ ಮೊದಲು ಆಗಬೇಕಾದದ್ದು ಛತ್ರದ ಪಾರುಪತ್ತೇಗಾರರ ದರ್ಶನ. ಅವರು ಹೆಸರು, ಊರು ಬರೆದುಕೊಂಡು ಖಾಲಿ ಇರುವ ಕೋಣೆಯ ಬೀಗದ ಕೈ ಕೊಡುತ್ತಾರೆ. ಕೋಣೆ ಬಂದವರ ಸ್ವತ್ತಲ್ಲ. ಎರಡು ದಿನ ಇದ್ದು ಹೊರಟರೆ ಅದೇ ಕೋಣೆ ಮತ್ತೊಬ್ಬರಿಗೆ.

ಗಣಕಯಂತ್ರಗಳ ಜಾಲದಲ್ಲೂ ಇಂಥ ಒಬ್ಬ ಪಾರುಪತ್ತೇಗಾರನಿದ್ದಾನೆ. ತಂತ್ರಜ್ಞರು ಅವನನ್ನು ಡಿಎಚ್‌ಸಿಪಿ ಸರ್ವರ್ ಎನ್ನುತ್ತಾರೆ.

ಜಾಲ ಸೇರುವ ಪ್ರತಿ ಯಂತ್ರಕ್ಕೂ 192.168.1.10 ಎಂಬಂಥ ಒಂದು ವಿಳಾಸ ಸಂಖ್ಯೆ ಬೇಕು. ಒಂದೇ ಜಾಲದ ಎರಡು ಯಂತ್ರಗಳಿಗೆ ಒಂದೇ ಸಂಖ್ಯೆ ಬಿದ್ದರೆ ಒಬ್ಬರ ಕಾಗದ ಇನ್ನೊಬ್ಬರ ಮನೆಗೆ ಹೋದಂತೆಯೇ. ಹಿಂದೆ ಈ ಸಂಖ್ಯೆಗಳನ್ನು ಸಿಬ್ಬಂದಿ ಯಂತ್ರದಿಂದ ಯಂತ್ರಕ್ಕೆ ಓಡಾಡಿ ಕೈಯಾರೆ ತುಂಬಬೇಕಿತ್ತು. 1985ರಲ್ಲಿ ಬಂದ ಬೂಟ್‌ಪಿ ಎಂಬ ವಿಧಾನ ಓಡಾಟ ತಪ್ಪಿಸಿತು. ಆದರೆ ಯಾವ ಯಂತ್ರಕ್ಕೆ ಯಾವ ಸಂಖ್ಯೆ ಎಂಬ ಪಟ್ಟಿಯನ್ನು ಮೊದಲೇ ಬರೆದಿಡಬೇಕಿತ್ತು. ಪಟ್ಟಿಯಲ್ಲಿಲ್ಲದ ಅತಿಥಿಗೆ ಜಾಗವಿಲ್ಲ.

ಅಮೆರಿಕದ ಬಕ್ನೆಲ್ ವಿಶ್ವವಿದ್ಯಾಲಯದ ರಾಲ್ಫ್ ಡ್ರಾಮ್ಸ್ 1993ರ ಅಕ್ಟೋಬರ್‌ನಲ್ಲಿ ಪ್ರಕಟಿಸಿದ ನಿಯಮಾವಳಿ ಇದಕ್ಕೆ ಛತ್ರದ ಉಪಾಯವನ್ನೇ ತಂದಿತು: ಸಂಖ್ಯೆಯನ್ನು ಅವಧಿಗೆ ಕೊಡುವುದು. ಹೊಸ ಯಂತ್ರಕ್ಕೆ ಸರ್ವರ್ ಎಲ್ಲಿದೆಯೆಂಬುದು ತಿಳಿಯದು. ಹಾಗಾಗಿ ಅದು ಇಡೀ ಜಾಲಕ್ಕೇ ಕೇಳುವಂತೆ 'ಸಂಖ್ಯೆ ಕೊಡುವವರು ಯಾರಾದರೂ ಇದ್ದೀರಾ?' ಎಂದು ಕೂಗುತ್ತದೆ. ಸರ್ವರ್ 'ಇದು ಖಾಲಿ ಇದೆ' ಎನ್ನುತ್ತದೆ. ಯಂತ್ರ 'ಅದನ್ನೇ ಕೊಡಿ' ಎನ್ನುತ್ತದೆ. ಸರ್ವರ್ 'ಆಗಲಿ, ಇಷ್ಟು ಹೊತ್ತಿಗೆ' ಎಂದು ಮುದ್ರೆ ಒತ್ತುತ್ತದೆ. ಸಾಮಾನ್ಯವಾಗಿ ಅರ್ಧ ಅವಧಿ ಕಳೆದಾಗ ಯಂತ್ರ ಮತ್ತೆ ಕೇಳಿ ಅವಧಿ ಮುಂದುವರಿಸಿಕೊಳ್ಳುತ್ತದೆ. ಕೇಳದೆ ಹೊರಟುಹೋದರೆ ಅವಧಿ ಮುಗಿದ ಮೇಲೆ ಸಂಖ್ಯೆ ಬೇರೆಯವರ ಪಾಲು.

ಈ ಮಿತವ್ಯಯಕ್ಕೆ ಕಾರಣವಿತ್ತು. ಜಗತ್ತಿಗೆಲ್ಲ ಇದ್ದ ಹಳೆಯ ಮಾದರಿಯ ಸಂಖ್ಯೆಗಳು ಸುಮಾರು 430 ಕೋಟಿ. ಅವುಗಳ ಕೇಂದ್ರ ದಾಸ್ತಾನು 2011ರ ಫೆಬ್ರುವರಿಯಲ್ಲಿ ಬರಿದಾಯಿತು. 192.168ರಿಂದ ಆರಂಭವಾಗುವಂಥ ಕೆಲವನ್ನು ಮಾತ್ರ ಒಳಬಳಕೆಗೆಂದು 1994ರಲ್ಲೇ ಬೇರೆ ತೆಗೆದಿಡಲಾಗಿತ್ತು. ಅವು ನಂಜನಗೂಡಿನ ಕಚೇರಿಯಲ್ಲೂ ಇರಬಹುದು, ತಿ. ನರಸೀಪುರದ ಕಚೇರಿಯಲ್ಲೂ ಇರಬಹುದು. ಎರಡೂರಿನ ಛತ್ರಗಳಲ್ಲೂ ಐದನೇ ಕೋಣೆ ಇರುವುದಿಲ್ಲವೇ?

ಆದರೆ ಕೂಗಿಗೆ ಓಗೊಟ್ಟವನು ನಿಜವಾದ ಪಾರುಪತ್ತೇಗಾರನೇ ಎಂದು ಯಂತ್ರ ವಿಚಾರಿಸುವುದಿಲ್ಲ. ಭದ್ರತೆ ತೀರ ದುರ್ಬಲವೆಂದು 1997ರ ಮಾರ್ಚ್‌ನ ಪರಿಷ್ಕೃತ ನಿಯಮಾವಳಿ ತಾನೇ ಒಪ್ಪಿಕೊಂಡಿದೆ. ದೊಡ್ಡ ಸಂಸ್ಥೆಗಳ ಜಾಲಗಳಲ್ಲಿ ಅಪರಿಚಿತ ಉತ್ತರಗಳನ್ನು ತಡೆಯುವ ಏರ್ಪಾಡು ಇರುತ್ತದೆ. ಸಣ್ಣ ಊರಿನ ಅಂಗಡಿಗಳಲ್ಲಿ ಅದೆಲ್ಲಿ?

ಇದರ ಬಿಸಿ ನನಗೆ ತಟ್ಟಿದ್ದು ತಿ. ನರಸೀಪುರದ ಒಂದು ಸಣ್ಣ ಕಂಪ್ಯೂಟರ್ ಕೇಂದ್ರದಲ್ಲಿ. ವಿದ್ಯಾರ್ಥಿವೇತನದ ಅರ್ಜಿಗೆ ಅದೇ ಕಡೆಯ ದಿನ. ಮಧ್ಯಾಹ್ನದ ಹೊತ್ತಿಗೆ ಆರು ಯಂತ್ರಗಳಲ್ಲಿ ನಾಲ್ಕು ಜಾಲದಿಂದ ಕಳಚಿಕೊಂಡವು. ಕೂಲಿ ಬಿಟ್ಟು ಮಗಳೊಡನೆ ಬಂದಿದ್ದ ತಂದೆಯೊಬ್ಬರು 'ಇವತ್ತಾಗಕಿಲ್ವಾ ಸ್ವಾಮಿ?' ಎಂದು ಮತ್ತೆ ಮತ್ತೆ ಕೇಳುತ್ತಿದ್ದರು. ಕಂಪನಿಯ ಲೈನ್ ಹಾಳಾಗಿದೆ ಎಂದು ಮಾಲೀಕರು ಫೋನಿನಲ್ಲಿ ಜಗಳವಾಡುತ್ತಿದ್ದರು. ಲೈನ್ ಸರಿಯಾಗಿಯೇ ಇತ್ತು. ಕೆಲಸದ ಹುಡುಗ ಮನೆಯ ಹಳೆಯ ವೈಫೈ ಪೆಟ್ಟಿಗೆಯನ್ನು ತಂದು ಮೂಲೆಯಲ್ಲಿ ಜೋಡಿಸಿದ್ದ. ಅದೂ ತನ್ನ ಪಾಡಿಗೆ ಸಂಖ್ಯೆ ಹಂಚತೊಡಗಿತ್ತು. ಅದರಿಂದ ಪಡೆದ ಯಂತ್ರಗಳಿಗೆ ಹೊರಗೆ ಹೋಗುವ ದಾರಿಯೇ ಇರಲಿಲ್ಲ.

ತಂತಿ ಕಿತ್ತು ಯಂತ್ರಗಳನ್ನು ಮತ್ತೆ ಚಾಲೂ ಮಾಡಿದ ಮೇಲೆ, ಸಂಜೆ ಐದರ ಸುಮಾರಿಗೆ ಹುಡುಗಿಯ ಅರ್ಜಿ ಹೋಯಿತು. ಮುಂದಿನ ವಾರ ಹೋದಾಗ ಗೋಡೆಯ ಮೇಲೊಂದು ಚೀಟಿ ಇತ್ತು: 'ಮಾಲೀಕರನ್ನು ಕೇಳದೆ ಯಾರೂ ವೈರ್ ಚುಚ್ಚಬಾರದು.'