12 ಬೋರ್ ಅಂದ್ರೆ ಯಾವ 12?

ಪುಣೆಗೆ ಬಂದ ಹೊಸದರಲ್ಲಿ ಲೋಕಲ್ ರೈಲು ಖಡ್ಕಿಯಲ್ಲಿ ನಿಂತಾಗಲೆಲ್ಲ ನನಗೆ ಅಜ್ಜನ ಕೋವಿ ನೆನಪಾಗ್ತಿತ್ತು. ಮಲೆನಾಡಿನ ನಮ್ಮ ಮನೆಯಲ್ಲಿ ಬೆಳೆ ಕಾಯೋಕೆ ಅಂತ ಲೈಸೆನ್ಸ್ ಇದ್ದ ಜೋಡು ನಳಿಗೆ ಕೋವಿ ಇತ್ತು. ಖಾಲಿ ತೋಟಾಗಳು ನಮಗೆ ಆಟದ ಸಾಮಾನು. (ಅಡಿಕೆ ತೋಟ ಅಲ್ಲ ಮಾರಾಯ್ರೆ, ಕಾಡತೂಸು.) ಅವುಗಳ ಹಿತ್ತಾಳೆ ತಳದಲ್ಲಿ 'ಕೆಎಫ್' ಅಂತ ಒತ್ತಿರುತ್ತಿತ್ತು. ಅಂದರೆ ಕಿರ್ಕಿ ಫ್ಯಾಕ್ಟರಿ. ಖಡ್ಕಿಗೆ ಬ್ರಿಟಿಷರು ಇಟ್ಟ ಹೆಸರು ಅದು. ಅಲ್ಲಿನ ಮದ್ದುಗುಂಡು ಕಾರ್ಖಾನೆ ಶುರುವಾಗಿದ್ದು 1869ರಲ್ಲಿ.

ಆ ತಳದಲ್ಲೇ 12 ಅಂತಲೂ ಇರುತ್ತಿತ್ತು. 12 ಏನು? ಮಿಲಿಮೀಟರ್ ಅಲ್ಲ. ಒಂದು ಪೌಂಡ್ ಸೀಸವನ್ನು ಸಮನಾದ 12 ಗುಂಡು ಮಾಡಿದರೆ, ಒಂದೊಂದು ಗುಂಡು ಎಷ್ಟು ದಪ್ಪ ಇರುತ್ತೋ ನಳಿಗೆಯ ಒಳಗಿನ ಅಗಲವೂ ಅಷ್ಟೇ. ನಂಬಿಕೆ ಬರದೆ ಲೆಕ್ಕ ಹಾಕಿ ನೋಡಿದೆ. 453.6 ಗ್ರಾಂ ಭಾಗಿಸು 12, ಸೀಸದ ಸಾಂದ್ರತೆ 11.34, ಉತ್ತರ 18.5 ಮಿಲಿಮೀಟರ್. ಸರಿಯಾಗಿ ಅಷ್ಟೇ! ಹಾಗಾಗಿಯೇ 20 ಬೋರ್ ಕೋವಿ 12 ಬೋರಿಗಿಂತ ಸಣ್ಣದು. ಒಂದು ಪೌಂಡಿಗೆ 20 ಗುಂಡು ಆಗಬೇಕಾದರೆ ಗುಂಡು ಸಣ್ಣದಾಗಲೇಬೇಕಲ್ವಾ? ಇಂದಿನ ತೋಟಾದಲ್ಲಿ ಒಂಟಿ ಗುಂಡಿನ ಬದಲು ಸಾಮಾನ್ಯವಾಗಿ ಚರೆ ಇರುತ್ತೆ, ಆದರೂ ಹಳೆಯ ಅಳತೆ ಹಾಗೇ ಉಳಿದಿದೆ.

ಚರೆಯ ಕಥೆ ಇನ್ನೂ ಚೆನ್ನಾಗಿದೆ. ಬ್ರಿಸ್ಟಲ್‌ನ ವಿಲಿಯಂ ವಾಟ್ಸ್ ಎಂಬ ಪ್ಲಂಬರ್ 1782ರಲ್ಲಿ ಒಂದು ಪೇಟೆಂಟ್ ಪಡೆದ. ಕರಗಿದ ಸೀಸಕ್ಕೆ ಚೂರು ಆರ್ಸೆನಿಕ್ ಬೆರೆಸಿ, ಜರಡಿಯ ಮೂಲಕ ಎತ್ತರದಿಂದ ನೀರಿಗೆ ಬೀಳಿಸುವುದು. ಬೀಳುತ್ತಾ ಬೀಳುತ್ತಾ ಮೇಲ್ಮೈ ಸೆಳೆತದಿಂದ ಹನಿ ತಾನಾಗಿ ದುಂಡಗಾಗಿ ಗಟ್ಟಿಯಾಗುತ್ತೆ. ಎತ್ತರ ಸಿಗಲಿ ಅಂತ ಆತ ಸ್ವಂತ ಮನೆಯ ಮೇಲೇ ಗೋಪುರ ಕಟ್ಟಿದ, ಕೆಳಗೂ ಅಗೆದ. ಅಚ್ಚು ಬೇಡ, ಉಜ್ಜುವುದು ಬೇಡ.

ಮುಂದಿನ ಹೆಜ್ಜೆ ಇಟ್ಟವರು ಒಬ್ಬ ಪಾದ್ರಿ, ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಫೋರ್ಸೈತ್. ಚಕಮಕಿ ಕೋವಿಯಲ್ಲಿ ಮೊದಲು ಕಿಡಿ ಹಾರಿ, ಆಮೇಲೆ ಈಡು ಹಾರುತ್ತೆ. ಬಾತುಕೋಳಿ ಆ ಮಿಂಚು ನೋಡಿ ಮುಳುಗಿಬಿಡೋದು. ಪೆಟ್ಟು ಬಿದ್ದ ಕೂಡಲೇ ಸಿಡಿಯುವ ರಾಸಾಯನಿಕ ಬಳಸಿ 1807ರಲ್ಲಿ ಅವರು ಪೇಟೆಂಟ್ ಪಡೆದರು. ಅದೇ ಮುಂದೆ ತಾಮ್ರದ ಪುಟ್ಟ ಟೋಪಿಯಾಯಿತು. ನಮ್ಮೂರಲ್ಲಿ ಕೇಪಿನ ಕೋವಿ ಅಂತಾರಲ್ಲ, ಆ ಕೇಪು.

ಅಜ್ಜ ಮೊದಲು ಇಟ್ಟುಕೊಂಡಿದ್ದು ಕೇಪಿನ ಕೋವಿಯೇ. ಬಾಯಿಯಿಂದ ಮದ್ದು, ಅದರ ಮೇಲೆ ತೆಂಗಿನ ನಾರು, ಚರೆ, ಮತ್ತೆ ನಾರು, ಗಜದಿಂದ ಜಡಿಯುವುದು. ಒಂದು ಮಳೆಗಾಲದ ರಾತ್ರಿ ಕೇಪು ಸಿಡಿಯಿತು, ಮದ್ದು ಹತ್ತಲಿಲ್ಲ. ಕತ್ತಲು, ಹಂದಿಯ ಗದ್ದಲ. ಈಡು ಹಾರಿತು ಅಂದುಕೊಂಡು ಮೇಲಿಂದ ಇನ್ನೊಂದು ಈಡು ತುಂಬಿದರು. ನಳಿಗೆ ಸೀಳಿತು. ಅಜ್ಜನ ಎಡಗೈಯಲ್ಲಿ ಎರಡು ಬೆರಳು ಮೊಂಡಾಗಿದ್ದು ಹೀಗೆ. ಬಾಯಿಂದ ತುಂಬುವ ಕೋವಿಯ ದೊಡ್ಡ ದೋಷ ಇದೇ: ಒಳಗೆ ಏನಿದೆ ಅಂತ ಕಣ್ಣಿಗೆ ಕಾಣಲ್ಲ.

ಪ್ಯಾರಿಸ್ಸಿನ ಲೆಫೋಷೊ 1830ರ ದಶಕದಲ್ಲಿ ಮಾಡಿದ್ದು ಇದಕ್ಕೇ ಉತ್ತರ. ಕೋವಿಯನ್ನು ಮಧ್ಯಕ್ಕೆ ಮಡಚಿ ಹಿಂದಿನಿಂದ ತುಂಬು. ಮದ್ದು, ಚರೆ, ಕೇಪು ಎಲ್ಲ ಒಂದೇ ಕೊಳವೆಯಲ್ಲಿ. ಆತನ ತೋಟಾದ ಪಕ್ಕದಲ್ಲಿ ಒಂದು ಮೊಳೆ ಚಾಚಿಕೊಂಡಿರುತ್ತಿತ್ತು, ಅದರ ಮೇಲೆ ಕುದುರೆ ಬೀಳಬೇಕು. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಅದು ಇಂಗ್ಲಿಷರ ಕಣ್ಣಿಗೆ ಬಿತ್ತು. ಹತ್ತು ವರ್ಷದಲ್ಲಿ ಕೇಪು ತಳದ ನಡುವಿಗೆ ಬಂತು, ಮೊಳೆ ಹೋಯಿತು. ಇವತ್ತಿನ ತೋಟಾದ ವಿನ್ಯಾಸ ಹೆಚ್ಚುಕಡಿಮೆ ಅಲ್ಲಿಗೇ ನಿಂತಿದೆ. ಆಮೇಲೆ ಕಾಗದ ಹೋಗಿ ಪ್ಲಾಸ್ಟಿಕ್ ಬಂತು, ಕಪ್ಪು ಮದ್ದು ಹೋಗಿ ಹೊಗೆಯಿಲ್ಲದ್ದು ಬಂತು.

ಒಳಗೆ ಯಾರೂ ಗಮನಿಸದ ಒಂದು ಭಾಗ ಇದೆ. ಮದ್ದಿಗೂ ಚರೆಗೂ ನಡುವಿನ ಬಿರಡೆ, ಅಜ್ಜನ ತೆಂಗಿನ ನಾರಿನ ಮೊಮ್ಮಗ. ಅದಿಲ್ಲದಿದ್ದರೆ ಬಿಸಿ ಅನಿಲ ಚರೆಗಳ ಸಂದಿಯಲ್ಲೇ ನುಗ್ಗಿ ಹೋಗುತ್ತೆ, ಒತ್ತಡ ಸೋರುತ್ತೆ. ಬಿರಡೆ ಇದ್ದರೆ ಇಡೀ ಚರೆ ಒಂದೇ ಮುದ್ದೆಯಾಗಿ ನಳಿಗೆ ದಾಟುತ್ತೆ, ಹೊರಗೆ ಬಂದ ಮೇಲೆ ಹರಡುತ್ತೆ.

ಹಾಗಂತ ತೋಟಾ ಬಂದು ಎಲ್ಲಾ ಸರಿಹೋಯಿತು ಅಂತಲ್ಲ. 20 ಬೋರಿನ ತೋಟಾವನ್ನು ತಪ್ಪಿ 12 ಬೋರಿನ ಕೋವಿಗೆ ಹಾಕಿದರೆ ಅದು ಜಾರಿ ಸ್ವಲ್ಪ ಮುಂದೆ ಹೋಗಿ ಸಿಕ್ಕಿಕೊಳ್ಳುತ್ತೆ. ಹಿಂದೆ ಖಾಲಿ ಕಾಣುತ್ತೆ, 12ರ ತೋಟಾ ಸಲೀಸಾಗಿ ಕೂರುತ್ತೆ. ಕುದುರೆ ಎಳೆದರೆ ಅಜ್ಜನ ಕೋವಿಗೆ ಆದದ್ದೇ ಇದಕ್ಕೂ. ಅದಕ್ಕೇ ಈಗ 20 ಬೋರಿನ ತೋಟಾಗೆ ಹಳದಿ ಬಣ್ಣ ಬಳಿಯುವ ರೂಢಿ.

ಆ ರಾತ್ರಿಯ ನಂತರ ಅಜ್ಜ ತೋಟಾ ಕೋವಿ ತಂದರು. ಗದ್ದೆಯಿಂದ ಬಂದವರು ಜಗಲಿ ಹತ್ತುವ ಮೊದಲು ಅದನ್ನು ಮಡಚಿ, ಎರಡೂ ನಳಿಗೆಯನ್ನು ಲಾಟೀನಿನ ಕಡೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡ್ತಿದ್ದರು. ಆಮೇಲೆ ನಮ್ಮನ್ನೂ ಕರೆದು ತೋರಿಸೋರು. ಆ ತುದಿಯಲ್ಲಿ ಎರಡು ದುಂಡಗಿನ ಬೆಳಕು.