ಕನ್ನಡಿಯ ತಪ್ಪು ಹೇಳುವ ಹೊಲೊಗ್ರಾಂ

ದಾವಣಗೆರೆ ಪಕ್ಕದ ಹರಿಹರದ ಹೆಸರು ದೇಶದ ವರ್ಕ್‌ಶಾಪ್‌ಗಳಿಗೆ ತಲುಪಿದ್ದು ಲೇತ್‌ಗಳ ಮೂಲಕ. 1941ರಲ್ಲಿ ಅಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಈಗ ಮುಚ್ಚಿದೆ. ಆದರೆ ಲೇತ್ ಮೇಲೆ ದುಡಿದವರಿಗೆ ಮಿಲಿಮೀಟರಿನ ನೂರನೇ ಒಂದು ಭಾಗದ ಬೆಲೆ ಗೊತ್ತು. ದೂರದರ್ಶಕದ ಕನ್ನಡಿಗೆ ಆ ನಿಖರತೆಯೂ ಸಾಲದು. ಅದು ಇನ್ನೂ ನೂರಾರು ಪಟ್ಟು ಸೂಕ್ಷ್ಮವಾಗಿ ಸರಿಯಿರಬೇಕು. ಅಲ್ಲಿ ಅಳತೆಗೋಲಾಗುವುದು ಬೆಳಕು.

ಬೆಳಕನ್ನು ಎರಡಾಗಿ ಸೀಳಿ, ಒಂದನ್ನು ಪರೀಕ್ಷಿಸಬೇಕಾದ ಕನ್ನಡಿಯಿಂದಲೂ ಇನ್ನೊಂದನ್ನು ದೋಷವಿಲ್ಲದ ಮೇಲ್ಮೈಯಿಂದಲೂ ಹಿಂದಿರುಗಿಸಿ ಕೂಡಿಸಿದರೆ ಕಪ್ಪು ಬಿಳಿ ಪಟ್ಟೆಗಳು ಮೂಡುತ್ತವೆ. ಪಟ್ಟೆ ನೇರವಾಗಿದ್ದರೆ ಕನ್ನಡಿ ಸರಿ. ಬಾಗಿದ್ದರೆ ಅಲ್ಲಿ ಉಬ್ಬು ಅಥವಾ ತಗ್ಗು ಇದೆ. ಇದೇ ಇಂಟರ್‌ಫೆರೋಮೀಟರಿನ ತತ್ವ. ಗೋಳದ ತುಣುಕಿನಂಥ ಕನ್ನಡಿಗೆ ಇಷ್ಟು ಸಾಕು. ಆದರೆ ನಕ್ಷತ್ರದ ಬೆಳಕನ್ನು ಒಂದೇ ಬಿಂದುವಿಗೆ ತರಲು ಪರವಲಯದಂಥ ಅಗೋಳೀಯ ಆಕಾರ ಬೇಕು. 1986ರಲ್ಲಿ ರಾಷ್ಟ್ರಕ್ಕೆ ಅರ್ಪಿತವಾದ ಕಾವಲೂರು ದೂರದರ್ಶಕದ 2.34 ಮೀಟರ್ ಕನ್ನಡಿ ಅಂಥದ್ದು. ಅದಕ್ಕೆ ಹೊಳಪು ಕೊಟ್ಟದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ಇಂಥ ಕನ್ನಡಿ ನಿರ್ದೋಷಿಯಾಗಿದ್ದರೂ ಪಟ್ಟೆಗಳು ಬಾಗಿ ಒತ್ತೊತ್ತಾಗುತ್ತವೆ. ಹಿಂದೆ ಈ ತೊಡಕು ಬಿಡಿಸಲು ನಡುವೆ ಮಸೂರಗಳನ್ನು ಜೋಡಿಸುತ್ತಿದ್ದರು.

ಇನ್ನೊಂದು ದಾರಿ ತೋರಿದ್ದು ಹೊಲೊಗ್ರಾಂ. ಡೆನಿಸ್ ಗ್ಯಾಬರ್ 1948ರಲ್ಲಿ ಪ್ರಕಟಿಸಿದ ವಿಧಾನಕ್ಕೆ ಎದುರಿಗೆ ವಸ್ತು ಇರಲೇಬೇಕಿತ್ತು. 1966ರಲ್ಲಿ ಬ್ರೌನ್ ಮತ್ತು ಲೋಮನ್ ಕಂಪ್ಯೂಟರ್ ಲೆಕ್ಕದಿಂದಲೇ ಹೊಲೊಗ್ರಾಂ ರಚಿಸಬಹುದೆಂದು ತೋರಿಸಿದರು. ಎಂದರೆ, ಇನ್ನೂ ತಯಾರಾಗದ ಆದರ್ಶ ಕನ್ನಡಿಯ ಬೆಳಕನ್ನೂ ಗೆರೆಗಳಲ್ಲಿ ಬರೆಯಬಹುದು. 1971ರಲ್ಲಿ ಮ್ಯಾಕ್‌ಗವರ್ನ್ ಮತ್ತು ವೈಯಂಟ್ ಇದನ್ನು ಕನ್ನಡಿ, ಮಸೂರಗಳ ಪರೀಕ್ಷೆಗೆ ಬಳಸಿದರು. ಗಾಜಿನ ಮೇಲಿನ ಆ ಸೂಕ್ಷ್ಮ ಗೆರೆಗಳು ಬೆಳಕನ್ನು ಆದರ್ಶ ಕನ್ನಡಿಗೆ ಹೊಂದುವಂತೆ ಬಾಗಿಸುತ್ತವೆ. ಆಗ ಪಟ್ಟೆಯ ಪ್ರತಿ ಡೊಂಕೂ ಕನ್ನಡಿಯದೇ ತಪ್ಪು.

ಆದರೆ ಅಳತೆಗೋಲೇ ತಪ್ಪಿದರೆ? 1990ರಲ್ಲಿ ಕಕ್ಷೆ ಸೇರಿದ ಹಬಲ್ ದೂರದರ್ಶಕ ಮಸುಕು ಚಿತ್ರ ಕಳಿಸಿತು. ಅದರ 2.4 ಮೀಟರ್ ಕನ್ನಡಿಯನ್ನು ಪರೀಕ್ಷಿಸಿದ ಸಾಧನದಲ್ಲಿ ಒಂದು ಮಸೂರ 1.3 ಮಿಲಿಮೀಟರ್ ಆಚೀಚೆ ಆಗಿತ್ತು. ಬೇರೆ ಪರೀಕ್ಷೆಗಳು ತಪ್ಪಿನ ಸುಳಿವು ಕೊಟ್ಟರೂ ಯಾರೂ ಲಕ್ಷಿಸಲಿಲ್ಲ. 1993ರಲ್ಲಿ ಗಗನಯಾತ್ರಿಗಳೇ ಹೋಗಿ ಸರಿಪಡಿಸಬೇಕಾಯಿತು. ಮೈಕ್ರೋಮೀಟರನ್ನೂ ಆಗಾಗ ಸ್ಲಿಪ್ ಗೇಜ್‌ಗೆ ಹಿಡಿದು ನೋಡುವ ಲೇತ್ ಕೆಲಸಗಾರನ ಎಚ್ಚರಿಕೆ ಇಲ್ಲಿಯೂ ಬೇಕಿತ್ತು. ಹೊಲೊಗ್ರಾಂ ಕೂಡ ಇದಕ್ಕೆ ಹೊರತಲ್ಲ. ಗಾಜು ತುಸು ಓರೆಯಾದರೂ ಲೆಕ್ಕ ತಪ್ಪುತ್ತದೆ. ಅದಕ್ಕೆಂದೇ ಅದೇ ಗಾಜಿನ ಮೇಲೆ ಜೋಡಣೆಯ ಗುರುತುಗಳನ್ನೂ ಬರೆಯುತ್ತಾರೆ.

ಮೂವತ್ತು ಮೀಟರ್ ದೂರದರ್ಶಕದ ಯೋಜನೆಯಲ್ಲಿ 492 ಕನ್ನಡಿ ತುಣುಕುಗಳು, 82 ಬಗೆಯ ಆಕಾರಗಳು ಇವೆ. ಅವುಗಳಲ್ಲಿ ಭಾರತದ ಪಾಲಿಗೆ ಹೊಳಪು ಕೊಡಲು ಹೊಸಕೋಟೆಯಲ್ಲಿ ಖಭೌತ ಸಂಸ್ಥೆಯ ಕೇಂದ್ರ ರೂಪುಗೊಂಡಿದೆ. ಅಲ್ಲಿ ಉಜ್ಜುವ ಕೈಯಷ್ಟೇ ಅಳೆಯುವ ಕಣ್ಣೂ ಮುಖ್ಯ.