ತರೀಕೆರೆಗೆ ಲಿನಕ್ಸ್ ತಡವಾಗಿ ಬಂದದ್ದೇಕೆ

ಚಿಕ್ಕಮಗಳೂರು ಜಿಲ್ಲೆಯ ತರೀಕೆರೆಯ ರೈಲು ಚರಿತ್ರೆಯಲ್ಲಿ ಎರಡು ಅಳತೆಯ ಹಳಿಗಳಿವೆ. ಬೀರೂರಿನಿಂದ ಶಿವಮೊಗ್ಗಕ್ಕೆ 1899ರಲ್ಲಿ ಬಂದ ಮೀಟರ್ ಗೇಜ್ ಒಂದು. 1915ರ ಸುಮಾರಿಗೆ ತರೀಕೆರೆಯಿಂದ ನರಸಿಂಹರಾಜಪುರದ ಕಡೆಗೆ, ಮಲೆನಾಡಿನ ಒಳಕ್ಕೆ, ಹಾಕಿದ ಎರಡಡಿ ಅಗಲದ ಟ್ರಾಮ್ ಹಳಿ ಇನ್ನೊಂದು. ಒಂದರ ಗಾಡಿ ಇನ್ನೊಂದರ ಮೇಲೆ ಓಡುವಂತಿರಲಿಲ್ಲ. ಎರಡೂ ಒಂದೇ ಊರಿನಲ್ಲಿ ಸೇರಿದರೂ ಸರಕನ್ನು ಇಳಿಸಿ ಮತ್ತೆ ಹೇರಲೇಬೇಕಿತ್ತು. ಇಂಥದೇ ಒಂದು ಗೇಜ್ ತಕರಾರು ಮುಂದೆ ಕನ್ನಡದ ಅಕ್ಷರಗಳಿಗೂ ಕಂಪ್ಯೂಟರಿನೊಳಗೆ ಎದುರಾಯಿತು. ತರೀಕೆರೆ, ಕಡೂರು, ಅಜ್ಜಂಪುರದಂಥ ಊರುಗಳ ಮನೆಗಳಿಗೆ ಲಿನಕ್ಸ್ ಬರಲು ತಡವಾದದ್ದು ಅದರಿಂದಲೇ ಎಂಬುದು ಇಲ್ಲಿನ ವಾದ. ಸಾಮಾನ್ಯವಾಗಿ ಕೇಳಿಬರುವ ವಿವರಣೆ ಬೇರೆ: ಲಿನಕ್ಸ್ ಹಾಕುವುದು ಕಷ್ಟ, ಅದು ಎಂಜಿನಿಯರುಗಳ ಬಾಬತ್ತು, ಸಣ್ಣ ಊರಿನವರಿಗೆ ಒಗ್ಗದು ಎಂದು. ಹೇಳಲು ಸುಲಭವಾದ ಈ ವಿವರಣೆ ಕಾಲಾನುಕ್ರಮದ ಮುಂದೆ ನಿಲ್ಲುವುದಿಲ್ಲ.

ಮೊದಲ ಹತ್ತು ವರ್ಷಗಳ ಮಟ್ಟಿಗೆ ಅದು ನಿಜವೇ. 1991ರ ಆಗಸ್ಟ್‌ನಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ತಾವು ಹವ್ಯಾಸಕ್ಕೆಂದು ಆಪರೇಟಿಂಗ್ ಸಿಸ್ಟಂ ಒಂದನ್ನು ಬರೆಯುತ್ತಿರುವುದಾಗಿ ತಿಳಿಸಿದರು; ಅದೇ ಲಿನಕ್ಸ್. ರಿಚರ್ಡ್ ಸ್ಟಾಲ್ಮನ್ 1983ರಲ್ಲೇ ಆರಂಭಿಸಿದ್ದ ಗ್ನೂ ಯೋಜನೆಯ ಸಲಕರಣೆಗಳು ಅದರ ಜೊತೆಗೂಡಿದವು. 1992ರಲ್ಲಿ ಅದು ಯಾರು ಬೇಕಾದರೂ ನಕಲು ಮಾಡಿ, ತಿದ್ದಿ, ಹಂಚಬಹುದಾದ ಜಿಪಿಎಲ್ ಪರವಾನಗಿಗೆ ಒಳಪಟ್ಟಿತು. ನಮ್ಮಲ್ಲಿ 1996ರಲ್ಲಿ ಪಿಸಿ ಕ್ವೆಸ್ಟ್ ಪತ್ರಿಕೆ ಸಂಚಿಕೆಯ ಜೊತೆಗೇ ಲಿನಕ್ಸ್ ಸಿಡಿ ಕೊಟ್ಟಿತು. ಆ ಪ್ರಯತ್ನದ ಮುಂಚೂಣಿಯಲ್ಲಿದ್ದವರು ಬೆಂಗಳೂರಿನ ಅತುಲ್ ಚಿಟ್ನಿಸ್. ಇಂಟರ್ನೆಟ್ ಎಂದರೆ ಎಸ್‌ಟಿಡಿ ಬೂತಿನಷ್ಟೇ ದುಬಾರಿಯಾಗಿದ್ದ ದಿನಗಳಲ್ಲಿ ಇನ್ನೂರು ಚಿಲ್ಲರೆ ಕಿಲೋಮೀಟರ್ ಆಚೆಯ ತಾಲ್ಲೂಕು ಊರಿಗೆ ಲಿನಕ್ಸ್ ತಲುಪಲು ಪತ್ರಿಕೆಯ ಸಿಡಿಗಿಂತ ನಂಬಿಕಸ್ಥ ದಾರಿ ಇರಲಿಲ್ಲ. ಆದರೆ ಸಿಡಿ ಕೈಗೆ ಬಂದ ಮೇಲೆ ನಿಜವಾದ ಪರೀಕ್ಷೆ ಶುರುವಾಗುತ್ತಿತ್ತು. ಹಾರ್ಡ್ ಡಿಸ್ಕನ್ನು ಕೈಯಾರೆ ಭಾಗ ಮಾಡಬೇಕು. ತಪ್ಪು ಭಾಗವನ್ನು ಅಳಿಸಿದರೆ ಮನೆಯವರ ಕಡತಗಳೆಲ್ಲ ಹೋದಂತೆಯೇ. ಪರದೆ ಸೆಕೆಂಡಿಗೆ ಎಷ್ಟು ಸಲ ಮಿನುಗಬೇಕೆಂಬ ಲೆಕ್ಕವನ್ನೂ ಬಳಸುವವರೇ ಬರೆದುಕೊಡಬೇಕು. ಅಗ್ಗದ ಮೋಡೆಮ್‌ಗಳಂತೂ ತಮ್ಮ ಅರ್ಧ ಕೆಲಸವನ್ನು ವಿಂಡೋಸಿನ ಹೆಗಲಿಗೆ ದಾಟಿಸಿದ್ದರಿಂದ ಲಿನಕ್ಸಿನಲ್ಲಿ ಫೋನ್ ಲೈನ್ ಇದ್ದೂ ಇಲ್ಲದಂತೆ. ಆ ಕಾಲದಲ್ಲಿ ತರೀಕೆರೆಯ ಶಿಕ್ಷಕರೋ ವಕೀಲರೋ ಲಿನಕ್ಸ್ ಹಾಕಿಕೊಳ್ಳಲಿಲ್ಲವೆಂದರೆ ಅದಕ್ಕೆ ಕಾರಣ ಹುಡುಕಬೇಕಿಲ್ಲ.

ಕಾರಣ ಹುಡುಕಬೇಕಾದದ್ದು ಮುಂದಿನ ಹತ್ತು ವರ್ಷಗಳಿಗೆ. 2000ದಲ್ಲಿ ಜರ್ಮನಿಯ ಕ್ಲೌಸ್ ಕ್ನಾಪರ್ ಕ್ನಾಪಿಕ್ಸ್ ಹೊರತಂದರು. ಸಿಡಿ ಹಾಕಿ ಕಂಪ್ಯೂಟರ್ ಚಾಲೂ ಮಾಡಿದರೆ ಡಿಸ್ಕನ್ನು ಮುಟ್ಟದೆಯೇ ಇಡೀ ಲಿನಕ್ಸ್ ಎದ್ದು ಕೂರುತ್ತಿತ್ತು. ಸಿಡಿ ತೆಗೆದರೆ ಎಲ್ಲವೂ ಮೊದಲಿನಂತೆ. 2004ರ ಅಕ್ಟೋಬರಿನಲ್ಲಿ ಉಬುಂಟು ಎಂಬ ಲಿನಕ್ಸ್ ವಿತರಣೆ ಬಂತು. ಕೇಳಿದವರ ವಿಳಾಸಕ್ಕೆ ಅಂಚೆಯಲ್ಲಿ ಪುಕ್ಕಟೆ ಸಿಡಿ ಕಳಿಸುವ ಅದರ ಏರ್ಪಾಡು 2011ರವರೆಗೂ ನಡೆಯಿತು. 2006ರ ಆವೃತ್ತಿಯಲ್ಲಿ ಮೊದಲು ಓಡಿಸಿ ನೋಡಿ, ಹಿಡಿಸಿದರೆ ಅದೇ ಪರದೆಯಿಂದ ಸ್ಥಾಪಿಸುವ ಅನುಕೂಲ ಸೇರಿತು. 2008ರಲ್ಲಿ ವಿಂಡೋಸಿನೊಳಗೇ ಒಂದು ಸಾಮಾನ್ಯ ತಂತ್ರಾಂಶದ ಹಾಗೆ ಉಬುಂಟು ಹಾಕಿ, ಬೇಡವೆನಿಸಿದರೆ ತೆಗೆದುಹಾಕುವ ವ್ಯವಸ್ಥೆಯೂ ಬಂತು. ಡಿಸ್ಕ್ ಒಡೆಯುವ ಭಯ, ಖರ್ಚು, ದೂರ ಮೂರೂ ಹೀಗೆ ಒಂದೊಂದಾಗಿ ಕರಗಿದವು. ಕಷ್ಟವೇ ತಡೆಯಾಗಿದ್ದರೆ 2008ರ ನಂತರವಾದರೂ ಲಿನಕ್ಸ್ ನಮ್ಮ ತಾಲ್ಲೂಕು ಊರುಗಳಲ್ಲಿ ಹರಡಬೇಕಿತ್ತು. ಹರಡಲಿಲ್ಲ.

ಹಾಗಾದರೆ ಆ ಊರುಗಳಲ್ಲಿ ಮನೆಯ ಕಂಪ್ಯೂಟರ್ ಯಾವ ಕೆಲಸಕ್ಕೆಂದು ಬರುತ್ತಿತ್ತು ಎಂದು ಕೇಳಬೇಕು. ಆಟ, ಸಿನಿಮಾ ಒತ್ತಟ್ಟಿಗಿರಲಿ; ಕಂಪ್ಯೂಟರ್ ಕೊಳ್ಳಲು ಮನೆಯ ಹಿರಿಯರನ್ನು ಒಪ್ಪಿಸುತ್ತಿದ್ದ ಕೆಲಸಗಳು ಕನ್ನಡದವು: ಶಾಲೆಯ ಪ್ರಶ್ನೆಪತ್ರಿಕೆ, ಸಹಕಾರ ಸಂಘದ ನೋಟೀಸು, ತಹಸೀಲ್ದಾರರಿಗೆ ಅರ್ಜಿ, ಲಗ್ನಪತ್ರಿಕೆ. ಆಗ ಕನ್ನಡವನ್ನು ಪರದೆಗೆ ತರುತ್ತಿದ್ದ ರೀತಿಯೇ ವಿಚಿತ್ರ. ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಜಾಗಗಳಲ್ಲಿ ಕನ್ನಡದ ತುಂಡುಗಳನ್ನು, ಅಂದರೆ ತಲೆಕಟ್ಟು, ಕೊಂಬು, ಒತ್ತು, ಅರ್ಧ ಅಕ್ಷರಗಳನ್ನು, ಫಾಂಟಿನಲ್ಲಿ ಕೂರಿಸುವುದು. ಕೀಲಿ ಒತ್ತಿದಾಗ ಆ ತುಂಡುಗಳನ್ನು ಸರಿಯಾದ ಕ್ರಮದಲ್ಲಿ ಪೋಣಿಸಲು ಹಿಂದಿನಿಂದ ಒಂದು ತಂತ್ರಾಂಶ ಓಡಿಸುವುದು. ಕಂಪ್ಯೂಟರಿನ ಮಟ್ಟಿಗೆ ಅಲ್ಲಿ ಕನ್ನಡವೇ ಇರಲಿಲ್ಲ. ಅರ್ಥವಿಲ್ಲದ ಇಂಗ್ಲಿಷ್ ಸಂಕೇತಗಳಿದ್ದವು, ಅವುಗಳಿಗೆ ಕನ್ನಡದ ವೇಷ ಹಾಕಿತ್ತು. ಶ್ರೀಲಿಪಿ ಎಂಬ ತಂತ್ರಾಂಶದ ವೇಷ ಒಂದಾದರೆ ‘ಬರಹ’ ತಂತ್ರಾಂಶದ್ದು ಇನ್ನೊಂದು. ಈ ಗೊಂದಲವನ್ನು ಕಡಿಮೆ ಮಾಡಲು ಸರ್ಕಾರ ಏಕರೂಪದ ಸಂಕೇತವನ್ನೂ, ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವನ್ನು ಆಧರಿಸಿದ ಮಾನದಂಡವನ್ನೂ ಒಪ್ಪಿತು. ಅದಕ್ಕೆ ತಕ್ಕಂತೆ ಕನ್ನಡ ಗಣಕ ಪರಿಷತ್ತು ‘ನುಡಿ’ಯನ್ನು ಸಿದ್ಧಪಡಿಸಿತು. ಶೇಷಾದ್ರಿವಾಸು 1998ರಲ್ಲೇ ‘ಬರಹ’ವನ್ನು ಉಚಿತವಾಗಿ ಕೊಟ್ಟಿದ್ದರು. ಇವರೆಲ್ಲರ ಉಪಕಾರ ಸಣ್ಣದಲ್ಲ; ಇವರಿಲ್ಲದಿದ್ದರೆ ನಮ್ಮ ಡಿಟಿಪಿ ಅಂಗಡಿಗಳು ತೆರೆಯುತ್ತಲೇ ಇರಲಿಲ್ಲ. ಆದರೆ ಈ ಏಕರೂಪತೆ ಬಂದದ್ದು ಎರಡಡಿಯ ಹಳಿಗೆ, ಅದೂ ವಿಂಡೋಸ್ ಹಾಸಿದ್ದ ನೆಲದ ಮೇಲೆ ಮಾತ್ರ.

ಫಾಂಟ್ ಕಡತವನ್ನು ಲಿನಕ್ಸಿಗೂ ನಕಲು ಮಾಡಬಹುದಿತ್ತಲ್ಲ ಎಂದು ತಿಳಿದವರು ಕೇಳಬಹುದು. ಮಾಡಬಹುದಿತ್ತು. ನುಡಿಯಲ್ಲಿ ಬರೆದ ಪತ್ರವನ್ನು ಹಾಗೆ ಓದಲೂ ಆಗುತ್ತಿತ್ತು. ತೊಡಕಾದದ್ದು ಬರೆಯುವುದು. ತುಂಡುಗಳನ್ನು ಪೋಣಿಸುವ ಆ ಹಿಂಬದಿಯ ತಂತ್ರಾಂಶ ವಿಂಡೋಸಿನಲ್ಲಷ್ಟೇ ಓಡುತ್ತಿತ್ತು. ಓದಲು ಬರುತ್ತದೆ, ಒಂದು ಕಾಗುಣಿತ ತಿದ್ದಲು ಬರುವುದಿಲ್ಲ ಎಂಬ ಯಂತ್ರವನ್ನು ಯಾರೂ ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಕಚೇರಿಗಳೂ ಇದೇ ಹಳಿಯ ಮೇಲಿದ್ದವು. 2000ದ ಆಸುಪಾಸಿನಲ್ಲಿ ರಾಜ್ಯದ 177 ತಾಲ್ಲೂಕು ಕೇಂದ್ರಗಳಲ್ಲಿ ಪಹಣಿ ಕೊಡತೊಡಗಿದ ‘ಭೂಮಿ’ ಯೋಜನೆ ನಿಂತದ್ದು ವಿಂಡೋಸ್ ಎನ್‌ಟಿಯ ಮೇಲೆ. ತರೀಕೆರೆ, ಕಡೂರಿನ ರೈತರು ಹದಿನೈದು ರೂಪಾಯಿ ಕೊಟ್ಟು ಪಡೆದ ಮೊದಲ ಕಂಪ್ಯೂಟರ್ ಪಹಣಿ ಬಂದದ್ದು ಅದರಿಂದ. ಆಗ ತರೀಕೆರೆ ತಾಲ್ಲೂಕಿಗೇ ಸೇರಿದ್ದ ಅಜ್ಜಂಪುರ ಸೀಮೆಯವರಿಗೂ ಅದೇ. ಕಚೇರಿ ನುಡಿಯಲ್ಲಿ, ಅಂಗಡಿ ನುಡಿಯಲ್ಲಿ, ಶಾಲೆ ನುಡಿಯಲ್ಲಿ ಇರುವಾಗ ಮನೆಯೊಂದೇ ಬೇರೆ ದಾರಿ ಹಿಡಿದು ಏನು ಮಾಡೀತು?

ಇಲ್ಲಿ ಇನ್ನೊಂದು ಆಕ್ಷೇಪ ಎದುರಾಗುತ್ತದೆ, ಅದು ಮೊದಲಿನದಕ್ಕಿಂತ ಗಟ್ಟಿಯಾದದ್ದು. ಕದ್ದ ವಿಂಡೋಸ್ ಎಲ್ಲೆಡೆ ಪುಕ್ಕಟೆ ಸಿಗುತ್ತಿತ್ತು. ಕಂಪ್ಯೂಟರ್ ಜೋಡಿಸಿಕೊಡುವವರು ಕೇಳದೆಯೇ ಹಾಕಿಕೊಡುತ್ತಿದ್ದರು. ಹೀಗಿರುವಾಗ ಉಚಿತವಾದ ಲಿನಕ್ಸಿಗೆ ಬೆಲೆಯ ಅನುಕೂಲ ಎಲ್ಲಿಂದ ಬರಬೇಕು, ಅಕ್ಷರದ ಮಾತೇಕೆ ಎಂಬುದು ಆ ವಾದ. ಕಳ್ಳಪ್ರತಿ ಬೆಲೆಯನ್ನು ಸೊನ್ನೆ ಮಾಡಿತೆಂಬುದನ್ನು ಒಪ್ಪೋಣ. ಆದರೆ ಬೆಲೆ ಎರಡೂ ಕಡೆ ಸೊನ್ನೆಯಾದಾಗ ಆಯ್ಕೆಯನ್ನು ನಿರ್ಧರಿಸುವುದು ಉಪಯೋಗ. ವೈರಸ್ ಕಾಟ ಮತ್ತು ಆರು ತಿಂಗಳಿಗೊಮ್ಮೆ ‘ಫಾರ್ಮ್ಯಾಟ್ ಹೊಡೆಸುವ’ ಖರ್ಚನ್ನು ಲೆಕ್ಕಕ್ಕೆ ಹಿಡಿದರೆ ಉಪಯೋಗದಲ್ಲೂ ಲಿನಕ್ಸ್ ಹಿಂದೆ ಬೀಳುತ್ತಿರಲಿಲ್ಲ. ತಕ್ಕಡಿಯನ್ನು ವಾಲಿಸಿದ್ದು ಕನ್ನಡದ ಕಡತ. ಕಳ್ಳಪ್ರತಿಯ ವಾದ ಕೊನೆಗೆ ಬಂದು ಸೇರುವುದು ಅಕ್ಷರದ ವಾದಕ್ಕೇ.

ಆದರೆ ಲಿನಕ್ಸಿನಲ್ಲಿ ಕನ್ನಡವೇ ಇರಲಿಲ್ಲ ಎನ್ನುವುದು ತಪ್ಪಾಗುತ್ತದೆ. ಈ ಚರಿತ್ರೆಯ ಸ್ವಾರಸ್ಯ ಇರುವುದು ಇಲ್ಲೇ. ಲೋಕದ ಎಲ್ಲ ಲಿಪಿಗಳಿಗೂ ತಮ್ಮದೇ ಜಾಗ ಕೊಟ್ಟ ಯೂನಿಕೋಡ್ ತನ್ನ ಮೊದಲ ಆವೃತ್ತಿಯಲ್ಲಿ, 1991ರಲ್ಲೇ, ಕನ್ನಡವನ್ನು ಒಳಗೊಂಡಿತ್ತು. ಅದೂ ಲಿನಕ್ಸೂ ಒಂದೇ ವರ್ಷದ ಕೂಸುಗಳು. ವಿಂಡೋಸಿಗೆ ಯೂನಿಕೋಡ್ ಕನ್ನಡ ಬಂದದ್ದು 2001ರ ಎಕ್ಸ್‌ಪಿಯ ಜೊತೆ, ತುಂಗಾ ಎಂಬ ಫಾಂಟಿನಲ್ಲಿ. ಹಳೆಯ ವೇಷದ ಫಾಂಟುಗಳ ವ್ಯಾಪಾರ ಲಿನಕ್ಸಿನಲ್ಲಿ ಎಂದೂ ಬೇರೂರದ ಕಾರಣ ಅಲ್ಲಿ ಕನ್ನಡಕ್ಕೆ ಯೂನಿಕೋಡ್ ಒಂದೇ ದಾರಿಯಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯಿಂದ ಬಂದ ಕೇದಗೆ, ಮಲ್ಲಿಗೆ ಫಾಂಟುಗಳು ಜಿಪಿಎಲ್ ಅಡಿಯಲ್ಲೇ ಸಿಕ್ಕವು. ಆಮೇಲೆ ರೆಡ್ ಹ್ಯಾಟ್‌ನ ಲೋಹಿತ್, ಅರವಿಂದ ಅವರ ಗುಬ್ಬಿ, ನವಿಲು ಸೇರಿದವು. ಒತ್ತಕ್ಷರಗಳು ಕೆಲವು ವರ್ಷ ಚದುರಿ ಕೂತವು, ಅರ್ಕಾವತ್ತು ತಪ್ಪು ಜಾಗಕ್ಕೆ ಹಾರಿತು, ‘ರ‍್ಯಾಂಕ್’ ಎಂದು ಸರಿಯಾಗಿ ಬರೆಯಲು ಕಣ್ಣಿಗೆ ಕಾಣದ ಜೋಡಕ ಸಂಕೇತವೊಂದನ್ನು ನಡುವೆ ಒತ್ತಬೇಕಾಯಿತು. ಒಂದೊಂದೇ ದೋಷವನ್ನು ಸ್ವಯಂಸೇವಕರು ಹಿಡಿದು ತಿದ್ದಿದರು. ಗ್ನೋಮ್, ಕೆಡಿಇ ಪರದೆಗಳ ಮೆನುಗಳನ್ನು ಕನ್ನಡಕ್ಕೆ ತಂದರು. ಇವತ್ತು ಯಾವ ದೇಶದಲ್ಲಿ ಲಿನಕ್ಸ್ ಹಾಕಿ ಕೀಲಿಮಣೆಗಳ ಪಟ್ಟಿ ತೆರೆದರೂ ‘ಕಗಪ’ ಎಂಬ ಹೆಸರು ಕಾಣುತ್ತದೆ, ಅದು ನಮ್ಮ ಕನ್ನಡ ಗಣಕ ಪರಿಷತ್ತಿನದೇ. ಕನ್ನಡಕ್ಕಷ್ಟೇ ಅಲ್ಲ, ಹಿಂದಿ, ಮರಾಠಿ, ತೆಲುಗು, ಸಂಸ್ಕೃತಕ್ಕೂ ಅದೇ ಹೆಸರಿನ ವಿನ್ಯಾಸ ಅಲ್ಲಿದೆ. ವಿಂಡೋಸಿಗೆ ಕಟ್ಟುಬಿದ್ದಿದ್ದ ನುಡಿಯ ಕೀಲಿಮಣೆಗೆ ಜಗತ್ತಿನಾದ್ಯಂತ ಜಾಗ ಕೊಟ್ಟದ್ದು ಲಿನಕ್ಸ್ ಎಂಬುದು ನಮ್ಮಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲ. ಹಾಗಾಗಿ ‘ಲಿನಕ್ಸ್ ಹಿಂದುಳಿದಿತ್ತು’ ಎನ್ನುವ ಬದಲು ಅದು ನಮ್ಮ ಕಚೇರಿಗಳಿಗಿಂತ ಮುಂಚೆಯೇ ಅಗಲದ ಹಳಿ ಹತ್ತಿತ್ತು, ಆ ಹಳಿಯ ಮೇಲೆ ಸರಕು ಕಳಿಸಲು ಇತ್ತ ಯಾರೂ ಇರಲಿಲ್ಲ ಎನ್ನುವುದು ಹೆಚ್ಚು ಸರಿ.

ಕನ್ನಡವನ್ನು ಮೊದಲೇ ಒಳಗಿಟ್ಟು ಕೊಟ್ಟಾಗ ಲಿನಕ್ಸ್ ಯಾರನ್ನೂ ಹೆದರಿಸಲಿಲ್ಲ ಎಂಬುದಕ್ಕೆ ಎರಡು ಸಾಕ್ಷಿಗಳಿವೆ. ಒಂದು ಸಿಂಪ್ಯೂಟರ್. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ವಿ. ವಿನಯ್, ರಮೇಶ್ ಹರಿಹರನ್ ಎನ್‌ಕೋರ್ ಸಂಸ್ಥೆಯವರೊಡನೆ ಸೇರಿ ರೂಪಿಸಿದ, 2004ರಲ್ಲಿ ಮಾರುಕಟ್ಟೆಗೆ ಬಂದ ಈ ಅಂಗೈಯಗಲದ ಯಂತ್ರ ಓಡುತ್ತಿದ್ದದ್ದು ಲಿನಕ್ಸಿನಲ್ಲಿ. ಅದಕ್ಕೆಂದು ತಯಾರಾದ ‘ಧ್ವನಿ’ ತಂತ್ರಾಂಶ ಕನ್ನಡವನ್ನು ಓದಿ ಹೇಳುತ್ತಿತ್ತು. ಕರ್ನಾಟಕ ಸರ್ಕಾರ ಭೂದಾಖಲೆಯ ಕೆಲಸಕ್ಕೆ ಸಿಂಪ್ಯೂಟರನ್ನು ಬಳಸಿತು. ಯಂತ್ರ ಮಾರುಕಟ್ಟೆಯಲ್ಲಿ ಸೋತಿತು ನಿಜ, ಆದರೆ ಒಳಗೆ ಲಿನಕ್ಸ್ ಇದ್ದುದರಿಂದ ಸೋತದ್ದಲ್ಲ. ಎರಡನೆಯದು ಪ್ರೌಢಶಾಲೆಗಳದ್ದು, ನನಗೆ ಇದೇ ಹೆಚ್ಚು ತೂಕದ್ದೆನಿಸುತ್ತದೆ. 2011ರ ಹೊತ್ತಿಗೆ ರಾಜ್ಯದ ಶಿಕ್ಷಣ ಇಲಾಖೆ ಐಟಿ ಫಾರ್ ಚೇಂಜ್ ಸಂಸ್ಥೆಯೊಂದಿಗೆ ‘ವಿಷಯ ಶಿಕ್ಷಕರ ವೇದಿಕೆ’ ಆರಂಭಿಸಿತು. ಜಿಲ್ಲೆಗಳ ಡಯಟ್ ಎಂಬ ಶಿಕ್ಷಕ ತರಬೇತಿ ಸಂಸ್ಥೆಗಳ ಲ್ಯಾಬುಗಳಲ್ಲಿ ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಶಿಕ್ಷಕರು ಕೂತು ಕಲಿತದ್ದು ಉಬುಂಟುವಿನ ಮೇಲೆ. ಜಿಯೋಜೀಬ್ರದಲ್ಲಿ ತ್ರಿಭುಜ ಎಳೆದರು, ಯೂನಿಕೋಡ್ ಕನ್ನಡದಲ್ಲಿ ಪಾಠ ಬರೆದರು. 2013ರಿಂದ ಆ ಪಾಠಗಳು ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲವಾಗಿ ಎಲ್ಲರಿಗೂ ಸಿಗತೊಡಗಿದವು. ಇವರು ಎಂಜಿನಿಯರುಗಳಲ್ಲ, ಅನೇಕರಿಗೆ ಅದೇ ಮೊದಲ ಕಂಪ್ಯೂಟರ್ ಪಾಠ. ಕಷ್ಟದ ವಾದವನ್ನು ಇನ್ನೂ ಹಿಡಿದಿರುವವರು ಉತ್ತರಿಸಬೇಕಾದದ್ದು ಈ ಶಿಕ್ಷಕರಿಗೆ.

ಕೇರಳವನ್ನು ನೋಡಿ ಎಂದು ಕೆಲವರು ಹೇಳುತ್ತಾರೆ. ಮಲಯಾಳಕ್ಕೂ ಇಂಥದೇ ವೇಷದ ಫಾಂಟುಗಳ ಕಾಟವಿತ್ತು, ಆದರೂ ಅಲ್ಲಿನ ‘ಐಟಿ ಅಟ್ ಸ್ಕೂಲ್’ ಯೋಜನೆ 2000ದ ದಶಕದಲ್ಲೇ ಶಾಲೆಗಳನ್ನು ಲಿನಕ್ಸಿಗೆ ತಂದಿತು. ಹಾಗಾದರೆ ಅಕ್ಷರ ಹೇಗೆ ತಡೆಯಾದೀತು? ಈ ಉದಾಹರಣೆ ಅಕ್ಷರದ ವಾದಕ್ಕೇ ಬಲ ಕೊಡುತ್ತದೆ. 2002ರಿಂದ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಬಳಗ ಯೂನಿಕೋಡ್ ಮಲಯಾಳವನ್ನು ಹದಗೊಳಿಸುತ್ತಿದ್ದಾಗ ಸರ್ಕಾರ ಆ ಕಡೆ ನಿಂತಿತು. ನಮ್ಮಲ್ಲಿ ಆಸಕ್ತರಿಗೆ ಕೊರತೆಯಿರಲಿಲ್ಲ. ಇದೇ ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆಯಲ್ಲಿದ್ದ ಪೂರ್ಣಚಂದ್ರ ತೇಜಸ್ವಿಯವರು ಕನ್ನಡ ತಂತ್ರಾಂಶವನ್ನು ಭಾಷೆಯ ಅಳಿವು ಉಳಿವಿನ ಪ್ರಶ್ನೆಯೆಂದು ತಿಳಿದು, 2007ರ ಏಪ್ರಿಲ್‌ನಲ್ಲಿ ತೀರಿಕೊಳ್ಳುವವರೆಗೂ ಅದಕ್ಕಾಗಿ ಹೋರಾಡಿದರು; ಹಂಪಿಯ ಕನ್ನಡ ವಿಶ್ವವಿದ್ಯಾಲಯದ ‘ಕುವೆಂಪು’ ತಂತ್ರಾಂಶದ ಹಿಂದೆ ಅವರ ಒತ್ತಾಸೆಯಿತ್ತು. ಲಕ್ಕವಳ್ಳಿಗೆ ಹತ್ತಿರದ ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಕೆ. ಚಿದಾನಂದಗೌಡರ ಅಧ್ಯಕ್ಷತೆಯ ಸಮಿತಿ ಯೂನಿಕೋಡ್ ಪರವಾಗಿ ನಿಂತಿತು. ಇಲ್ಲಿ ಕೊರತೆಯಾದದ್ದು ಕಾಲ. ಹಳೆಯ ಸಂಕೇತವನ್ನು ಮಾನಕ ಮಾಡಿದ ವೇಗ ಅದನ್ನು ಬಿಡುವಾಗ ಕಾಣಲಿಲ್ಲ.

ಈಗ ಬೀರೂರು–ಶಿವಮೊಗ್ಗ ಹಳಿಯೂ ಬ್ರಾಡ್ ಗೇಜ್, ಕನ್ನಡವೂ ಯೂನಿಕೋಡ್. ಆಂಡ್ರಾಯ್ಡ್ ಫೋನುಗಳ ಒಳಗೂ ಲಿನಕ್ಸ್ ಕರ್ನಲ್ಲೇ ಇರುವುದರಿಂದ ತರೀಕೆರೆಯ ಸಂತೆಯಲ್ಲಿ ಅಡಿಕೆ ಧಾರಣೆ ನೋಡುವ ಕೈಗಳಲ್ಲೆಲ್ಲ ಅದು ಓಡುತ್ತಿದೆ. ಆದರೆ ಮನೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿಕೊಳ್ಳುವುದನ್ನು ಅದರ ಜೊತೆ ಸೇರಿಸಿ ಲೆಕ್ಕ ಹಾಕಬಾರದು; ಫೋನಿನಲ್ಲಿ ಯಾರೂ ಅದನ್ನು ಆರಿಸಿಕೊಂಡದ್ದಲ್ಲ. ಆಯ್ಕೆಯ ಸಂದರ್ಭ ಬಂದಿರುವುದು ಬೇರೆ ಕಡೆಯಿಂದ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಘಟಕ ಇಲ್ಲದ ಯಂತ್ರಗಳು ಕೆಟ್ಟಿಲ್ಲದಿದ್ದರೂ ಹಳತಾಗಿಬಿಟ್ಟಿವೆ. ಅಂಥ ಯಂತ್ರಕ್ಕೆ ಉಬುಂಟುವನ್ನೋ ಲಿನಕ್ಸ್ ಮಿಂಟನ್ನೋ ಪೆನ್‌ಡ್ರೈವಿನಿಂದ ಓಡಿಸಿ ನೋಡುವುದು ಒಂದು ಸಂಜೆಯ ಕೆಲಸ. ವೈಫೈ, ಪ್ರಿಂಟರ್, ಧ್ವನಿ ಸರಿಯಿದೆಯೇ ಎಂದು ಎಲ್ಲರೂ ಪರೀಕ್ಷಿಸುತ್ತಾರೆ. ನಮ್ಮ ಕಡೆಯವರು ಇದರ ಜೊತೆಗೆ ನುಡಿಯಲ್ಲಿ ಬರೆದಿಟ್ಟ ಒಂದು ಹಳೆಯ ಕಡತವನ್ನೂ ತೆರೆದು ನೋಡಬೇಕು. ಅದನ್ನು ಯೂನಿಕೋಡಿಗೆ ತಿರುಗಿಸುವ ಉಚಿತ ಸಲಕರಣೆಗಳಿವೆ. ತಿರುಗಿಸಿದ ಮೇಲೂ ಅಲ್ಲಲ್ಲಿ ಒತ್ತು, ಅರ್ಕಾವತ್ತುಗಳನ್ನು ಕಣ್ಣಿಟ್ಟು ತಿದ್ದಬೇಕಾಗುತ್ತದೆ. ಡಿಟಿಪಿ ಅಂಗಡಿಗಳ ಡಿಸ್ಕುಗಳಲ್ಲಿ, ಸಂಘಗಳ ಬೀರುಗಳಲ್ಲಿಟ್ಟ ಸಿಡಿಗಳಲ್ಲಿ ಇಪ್ಪತ್ತು ವರ್ಷಗಳ ನಡಾವಳಿ, ಸ್ಮರಣಸಂಚಿಕೆ, ಪಾಠಪಟ್ಟಿಗಳು ಹಳೆಯ ಸಂಕೇತದಲ್ಲೇ ಉಳಿದಿವೆ. ಅವನ್ನು ತಿರುಗಿಸುವ ಕೆಲಸವನ್ನು ಯಾವ ಕಚೇರಿಯೂ ಇನ್ನೂ ತನ್ನದೆಂದು ಕೈಗೆತ್ತಿಕೊಂಡಂತೆ ಕಾಣುವುದಿಲ್ಲ.